ಬದಿಯಡ್ಕದಿಂದ ಗುಲ್ಮಾರ್ಗ್‌ಗೆ: ಕ್ರಿಸ್ಮಸ್ ರಜೆಯಲ್ಲಿ ಏಳು ಮಂದಿಯ ಸ್ಕೀ ಪ್ರಯಾಣ

ನಮ್ಮ ಊಟದ ಕೋಣೆಯ ಗೋಡೆಯಲ್ಲಿ ಎರಡು ಕ್ಯಾಲೆಂಡರ್ ಇವೆ. ಒಂದು ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದ್ದು. ಅದರಲ್ಲಿ ಓಣಂ, ವಿಷು ಎಲ್ಲ ಕೆಂಪು ಅಕ್ಷರದಲ್ಲಿ. ಇನ್ನೊಂದು ಮಂಗಳೂರಿನಿಂದ ಅಕ್ಕ ತಂದು ಕೊಟ್ಟದ್ದು. ಅದರಲ್ಲಿ ಕರ್ನಾಟಕದ ರಜೆಗಳು. ಗಡಿಯ ಈಚೆ ಕೇರಳದಲ್ಲಿ ನಾವು, ಆಚೆ ಕರ್ನಾಟಕದಲ್ಲಿ ಅಕ್ಕನ ಸಂಸಾರ. ಮದುವೆಗೋ ಪೂಜೆಗೋ ಒಟ್ಟು ಸೇರಬೇಕಾದರೂ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು.

2024ರ ಆಗಸ್ಟ್‌ನಲ್ಲಿ ನಾನು ಆ ಎರಡನ್ನೂ ಕೆಳಗಿಳಿಸಿ ಊಟದ ಮೇಜಿನ ಮೇಲೆ ಹರಡಿದೆ. ಮಗಳಿಗೆ ಹನ್ನೆರಡು ವರ್ಷ, ಏಳನೇ ಕ್ಲಾಸ್. ಆ ವರ್ಷದ ಫೆಬ್ರವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯಿತಲ್ಲ, ಅದನ್ನು ಫೋನಿನಲ್ಲಿ ನೋಡಿದ ಮೇಲೆ ಅವಳ ಬಾಯಲ್ಲಿ ಸ್ಕೀ, ಅಂದರೆ ಕಾಲಿಗೆ ಉದ್ದ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರುವ ಆಟ, ಬಿಟ್ಟು ಬೇರೆ ಮಾತಿಲ್ಲ. ಮೂರನೇ ಕ್ಲಾಸಿನ ತಮ್ಮನಿಗೂ ಅದೇ ಹಿಡಿಯಿತು. ಮಂಗಳೂರಿನಲ್ಲಿರುವ ಅಕ್ಕನ ಮಗನಿಗೂ ಹಬ್ಬಿತು. ಹೋಗುವುದಾದರೆ ಎಲ್ಲರೂ ಒಟ್ಟಿಗೆ ಎಂದು ಅಕ್ಕನೂ ನಾನೂ ಮಾತಾಡಿಕೊಂಡೆವು.

ಆದರೆ ಯಾವಾಗ? ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಮಕ್ಕಳಿಗೆ ರಜೆ ಇದ್ದಾಗಲೇ ನನಗೂ ರಜೆ. ನಮಗೆ ಓಣಂಗೆ ಸುಮಾರು ಹತ್ತು ದಿವಸ ಸಿಗುತ್ತದೆ, ಅಕ್ಕನ ಮಗನಿಗೆ ಆಗ ಶಾಲೆ. ಅವನಿಗೆ ದಸರಾಕ್ಕೆ ದೊಡ್ಡ ರಜೆ, ನಮಗೆ ಆಗ ಬರೀ ಎರಡು ಮೂರು ದಿವಸ. ಬೇಸಿಗೆಯಲ್ಲಿ ನಮ್ಮದು ಮಾರ್ಚ್ ಕೊನೆಗೆ ಮುಗಿದರೆ ಅವರದು ಏಪ್ರಿಲ್ ಎರಡನೇ ವಾರಕ್ಕೆ. ಹಿಮ ಬೀಳುವ ಕಾಲದಲ್ಲಿ ಎರಡು ಮನೆಗೂ ಒಟ್ಟಿಗೆ ಸಿಗುವ ರಜೆ ಎಂದರೆ ಕ್ರಿಸ್ಮಸ್ ಮಾತ್ರ. ನಮ್ಮದು ಡಿಸೆಂಬರ್ 21ರಿಂದ 29. ಅಕ್ಕನ ಮಗನ ಶಾಲೆ 23ರವರೆಗೆ. ಎರಡೂ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಸುತ್ತು ಹಾಕಿದೆ. ಉಳಿದದ್ದು 24ರಿಂದ 29, ಒಟ್ಟು ಆರು ದಿವಸ.

ಅಲ್ಲಿಗೆ ಒಂದು ಮಾತು ಖಚಿತವಾಯಿತು. ದಿವಸ ನಮ್ಮ ಕೈಯಲ್ಲಿಲ್ಲ. ಊರನ್ನು ಮಾತ್ರ ನಾವು ಆರಿಸಬಹುದು. ಸಾಮಾನ್ಯವಾಗಿ ಮೊದಲು ಊರು ನಿಶ್ಚಯ ಮಾಡಿ ಆಮೇಲೆ ದಿವಸ ಹುಡುಕುತ್ತೇವೆ ಅಲ್ವಾ? ಶಾಲೆಗೆ ಹೋಗುವ ಮಕ್ಕಳಿದ್ದರೆ, ಅದರಲ್ಲೂ ಹಿಮಕ್ಕೆ ಹೋಗುವುದಾದರೆ, ಅದು ನಡೆಯುವುದಿಲ್ಲ. ಇಂಥ ಆರು ದಿವಸದಲ್ಲಿ ಎಲ್ಲಿ ಹಿಮ ಇರುವ ಸಾಧ್ಯತೆ ಜಾಸ್ತಿ, ಎಲ್ಲಿಗೆ ಹೋಗಿ ಬರುವುದರಲ್ಲೇ ದಿವಸ ಕಳೆದುಹೋಗುವುದಿಲ್ಲ ಎಂದೇ ನೋಡಬೇಕು.

ನಾನು ಎರಡು ವಾರ ಸುಮ್ನೆ ಓದಿದೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಂದು ಗಂಟೆ, ನೋಟ್‌ಬುಕ್ ಹಿಡಿದುಕೊಂಡು. ಹಿಮಾಲಯದ ಹಿಮ ನಮ್ಮ ಮಳೆಗಾಲದ ಹಾಗೆ ಅಲ್ಲ. ನಮಗೆ ಜೂನ್ 1 ಎಂದರೆ ಒಂದು ಲೆಕ್ಕ ಉಂಟು. ನಾಲ್ಕು ದಿವಸ ಹಿಂದೆ ಮುಂದೆ ಆದರೂ ಮಳೆ ಬಂದೇ ಬರುತ್ತದೆ. ಅಲ್ಲಿಯ ಹಿಮ ಬರುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಸರಿದು ಬರುವ ಮೋಡಗಳಿಂದ. ಹವಾಮಾನದವರು ಅದಕ್ಕೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತಾರೆ. ಡಿಸೆಂಬರಿನಲ್ಲಿ ಅದು ಬರಬಹುದು, ಬಾರದೆಯೂ ಇರಬಹುದು. ಜನವರಿ, ಫೆಬ್ರವರಿಯಲ್ಲಿ ನಂಬಿಕೆ ಜಾಸ್ತಿ. ಆದರೂ ಅದೇ 2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮವಿಲ್ಲದೆ ಕಂದು ಬಣ್ಣಕ್ಕೆ ತಿರುಗಿತ್ತು. ಆ ಚಿತ್ರಗಳನ್ನು ಮಕ್ಕಳಿಗೂ ತೋರಿಸಿದೆ. ಹೋಗಿ ನೋಡುವಾಗ ಹಿಮ ಇಲ್ಲದಿದ್ದರೆ ಅಳಬಾರದು ಎಂದು ಮೊದಲೇ ಹೇಳಿದೆ.

ನಮ್ಮ ಎದುರು ಮೂರು ಊರುಗಳಿದ್ದವು. ಔಲಿ, ಮನಾಲಿಯ ಹತ್ತಿರದ ಸೋಲಂಗ್, ಮತ್ತೆ ಗುಲ್ಮಾರ್ಗ್.

ಔಲಿ ಮೊದಲು ಬಿಟ್ಟುಹೋಯಿತು. ಉತ್ತರಾಖಂಡದ ಒಳ್ಳೆಯ ಇಳಿಜಾರು ಅದು. 2011ರಲ್ಲಿ ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡಾಕೂಟ ನಡೆದ ಜಾಗ. ಆದರೆ ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್ ಘಾಟಿ ರಸ್ತೆ. ನಮ್ಮ ಮಗನಿಗೆ ಸಂಪಾಜೆ ಘಾಟಿಯಲ್ಲೇ ಎರಡು ಸಲ ಕಾರು ನಿಲ್ಲಿಸಬೇಕು. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದ ಮೇಲೆ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತಿತ್ತು. ಮೇಲಿಂದ ಡಿಸೆಂಬರಿನಲ್ಲಿ ಹಿಮದ ಭರವಸೆ ಕಡಿಮೆ. ಸ್ಕೀ ಕಲಿಸುವ ಸರಕಾರಿ ಕೋರ್ಸುಗಳೂ ಅಲ್ಲಿ ಜನವರಿಯ ನಂತರವೇ.

ಸೋಲಂಗ್ ಬಗ್ಗೆ ಇವರಿಗೆ, ನನ್ನ ಗಂಡನಿಗೆ, ಬಹಳ ಮನಸ್ಸಿತ್ತು. ಮನಾಲಿಯಿಂದ 13 ಕಿಲೋಮೀಟರ್. ಸುಲಭ, ಹೋಟೆಲ್ ಬೇಕಾದಷ್ಟು. ನಾನು ತಡೆದದ್ದು ಹಿಂದಿನ ವರ್ಷದ ಸುದ್ದಿ ನೋಡಿ. 2023ರ ಕ್ರಿಸ್ಮಸ್ ವಾರದಲ್ಲಿ ಅಟಲ್ ಸುರಂಗದ ಎರಡೂ ಕಡೆ ಸಾವಿರಾರು ವಾಹನಗಳು ಗಂಟೆಗಟ್ಟಲೆ ನಿಂತಿದ್ದವು. ಸೋಲಂಗ್‌ನಲ್ಲಿ ಹಿಮ ಇಲ್ಲದಿದ್ದರೆ ಎಲ್ಲರೂ ಸುರಂಗ ದಾಟಿ ಲಾಹೌಲ್ ಕಡೆಯ ಸಿಸ್ಸುವಿಗೆ ನುಗ್ಗುತ್ತಾರೆ. ಆರು ದಿವಸದಲ್ಲಿ ಒಂದು ದಿವಸವನ್ನು ಕಾರಿನೊಳಗೆ ಕಳೆಯಲು ನಾನು ತಯಾರಿರಲಿಲ್ಲ.

ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರ. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್. ಕಲಿಯುವವರಿಗೆ ಕೆಳಗೆ ಹುಲ್ಲುಗಾವಲಿನಲ್ಲೇ ಮೆಲ್ಲಗಿನ ಇಳಿಜಾರು ಉಂಟು. ಅಲ್ಲಿ ಹಿಮ ಸಾಲದಿದ್ದರೆ ಗೊಂಡೋಲಾ ಎನ್ನುವ ರೋಪ್‌ವೇ ಹತ್ತಿ ಮೇಲಿನ ಕೊಂಗ್ಡೂರಿಗೆ ಹೋಗಬಹುದು. ಕೆಳಗೆ ಇಲ್ಲದಿದ್ದರೂ ಮೇಲೆ ಸಿಗಬಹುದು ಎಂಬ ಎರಡನೆಯ ದಾರಿ ಇನ್ನೆರಡು ಊರಿನಲ್ಲಿ ನನಗೆ ಇಷ್ಟು ಹತ್ತಿರದಲ್ಲಿ ಕಾಣಲಿಲ್ಲ. ಕಾಶ್ಮೀರದ 40 ದಿವಸಗಳ ಕಡು ಚಳಿ, ಅವರು ಚಿಲ್ಲಾಯ್ ಕಲಾನ್ ಎನ್ನುವುದು, ಡಿಸೆಂಬರ್ 21ಕ್ಕೇ ಶುರುವಾಗುತ್ತದೆ. ಬಿದ್ದ ಹಿಮ ಬೇಗ ಕರಗುವುದಿಲ್ಲ ಎಂಬ ಧೈರ್ಯ ಅದರಿಂದ ಬಂತು.

ರೈಲಿನ ಆಸೆಯನ್ನು ಮಕ್ಕಳು ಕಷ್ಟದಲ್ಲಿ ಬಿಟ್ಟರು. ಮಂಗಳಾ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲೇ ನಿಲ್ಲುತ್ತದೆ, ಆದರೆ ದೆಹಲಿಗೇ ಎರಡು ದಿವಸದ ಹತ್ತಿರ ಬೇಕು. ಆರು ದಿವಸದ ಪ್ರಯಾಣಕ್ಕೆ ಅದು ಆಗದ ಮಾತು. ಹತ್ತು ದಿವಸ ಪೂರ್ತಿ ಕೈಯಲ್ಲಿರುವವರು ನೋಡಬಹುದು. ಆಗ 120 ದಿವಸ ಮೊದಲೇ ರಿಸರ್ವೇಶನ್ ತೆರೆಯುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿವಸವಾಗಿದೆ. ಕ್ರಿಸ್ಮಸ್‌ಗೆ ಹೋಗುವವರು ಅಕ್ಟೋಬರ್ ಕೊನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ತಯಾರಾಗಿ ಕೂರಬೇಕು.

ವಿಮಾನದ ಟಿಕೆಟನ್ನು ಸೆಪ್ಟೆಂಬರ್ ಮೊದಲ ವಾರದಲ್ಲಿ ಮಾಡಿದೆವು. ಮಂಗಳೂರು, ದೆಹಲಿ, ಶ್ರೀನಗರ. ಇಲ್ಲಿ ಭಾವನಿಗೂ ನನಗೂ ಸ್ವಲ್ಪ ಚರ್ಚೆಯೇ ಆಯಿತು. ಎರಡು ಹಂತಕ್ಕೆ ಬೇರೆ ಬೇರೆ ಟಿಕೆಟ್ ತೆಗೆದರೆ ತಲೆಗೆ ಸಾವಿರ ಚಿಲ್ಲರೆ ಉಳಿಯುತ್ತಿತ್ತು. ಆದರೆ ಡಿಸೆಂಬರಿನಲ್ಲಿ ದೆಹಲಿಯ ಮಂಜು ಎಲ್ಲರಿಗೂ ಗೊತ್ತು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಒಂದೇ ಟಿಕೆಟ್ ಇದ್ದವರನ್ನು ವಿಮಾನದವರೇ ಮುಂದಿನದರಲ್ಲಿ ಕಳಿಸಬೇಕು. ಬೇರೆ ಬೇರೆ ತೆಗೆದವರು ಹೊಸ ಟಿಕೆಟಿಗೆ ದುಡ್ಡು ಕೊಡಬೇಕು. ಏಳು ಮಂದಿಗೆ ಹಬ್ಬದ ವಾರದಲ್ಲಿ ಹೊಸ ಟಿಕೆಟ್ ಎಂದರೆ ಇಡೀ ಪ್ರಯಾಣದ ಖರ್ಚು ಅಲ್ಲೇ ಹೋಯಿತು. ಒಂದೇ ಟಿಕೆಟ್, ದೆಹಲಿಯಲ್ಲಿ ನಾಲ್ಕು ಗಂಟೆ ಬಿಡುವು ಎಂದು ನಿಶ್ಚಯಿಸಿದೆವು.

ಎರಡನೆಯ ಚರ್ಚೆ ಹಿಂದೆ ಬರುವ ದಿವಸದ್ದು. 28ರ ಶನಿವಾರದ ಟಿಕೆಟ್ ಅಗ್ಗ ಇತ್ತು. ಭಾನುವಾರ ಮನೆಯಲ್ಲಿ ವಿಶ್ರಾಂತಿ, ಸೋಮವಾರ ಕೆಲಸಕ್ಕೆ ಹೋಗಬಹುದು ಎಂದು ಭಾವ ಹೇಳಿದರು. ನಾನು 29 ಎಂದೆ. 27ರ ಮಧ್ಯಾಹ್ನ ಗುಲ್ಮಾರ್ಗ್ ಬಿಡುವುದು, 28 ಶ್ರೀನಗರದಲ್ಲಿ ಖಾಲಿ ಇಡುವುದು, 29ಕ್ಕೆ ವಿಮಾನ.

"ಖಾಲಿ ದಿವಸಕ್ಕೆ ಹೋಟೆಲಿಗೆ ಬೇರೆ ದುಡ್ಡು ಕೊಡ್ಬೇಕಲ್ಲ ಮಾರಾಯ್ತಿ" ಎಂದರು ಭಾವ.

"ಹಿಮ ಬಿದ್ದು ರಸ್ತೆ ನಿಂತರೆ ಎಂತ ಮಾಡುದು ಭಾವ? ಮಕ್ಕಳಿದ್ದಾರೆ" ಎಂದೆ. ಅಕ್ಕ ನನ್ನ ಕಡೆ ನಿಂತಳು.

ಆಮೇಲೆ ಮನಸ್ಸು ಕುಗ್ಗಿಸಿದ ಸುದ್ದಿ ಬಂತು. ಅಕ್ಟೋಬರ್ 24ರಂದು ಗುಲ್ಮಾರ್ಗ್ ಹತ್ತಿರದ ಬೋಟಾಪಥ್ರಿಯಲ್ಲಿ ಸೇನೆಯ ವಾಹನದ ಮೇಲೆ ದಾಳಿಯಾಯಿತು. ಸೈನಿಕರೂ ಪೋರ್ಟರ್‌ಗಳೂ ಜೀವ ಕಳೆದುಕೊಂಡರು. ಅತ್ತೆ ಎರಡು ದಿವಸ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅವರ ಹೆದರಿಕೆ ತಪ್ಪು ಎಂದು ನಾನು ಹೇಳಲಾರೆ. ಒಂದು ತಿಂಗಳು ಕಾದು ನೋಡುವುದು, ಡಿಸೆಂಬರ್ ಮೊದಲ ವಾರದಲ್ಲಿ ಎಲ್ಲರೂ ಕೂತು ಕೊನೆಯ ತೀರ್ಮಾನ ಮಾಡುವುದು, ಮನೆಯ ಯಾರೇ ಒಬ್ಬರು ಬೇಡ ಎಂದರೂ ಟಿಕೆಟ್ ದುಡ್ಡು ಹೋದರೆ ಹೋಗಲಿ ಎಂದು ಮಾತಾಡಿದೆವು. ಡಿಸೆಂಬರಿನಲ್ಲಿ ಅತ್ತೆಯೇ "ಹೋಗಿ ಬನ್ನಿ, ದಿನಾ ಎರಡು ಹೊತ್ತು ಫೋನ್ ಮಾಡಿ" ಎಂದರು. ಮರುವರ್ಷದ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಜನರ ಜೀವ ಹೋದಾಗ ನಾನು ಆ ಸಂಜೆ ಇಡೀ ಅತ್ತೆಯ ಪಕ್ಕ ಕೂತಿದ್ದೆ. ಅದರ ನಂತರ ಕಾಶ್ಮೀರದ ಹಲವು ಜಾಗಗಳನ್ನು ಮುಚ್ಚಿದ್ದರು. ಇವತ್ತು ಯೋಚನೆ ಮಾಡುವವರು ಯಾವುದು ತೆರೆದಿದೆ ಎಂದು ಮೊದಲು ನೋಡಿ, ಮನೆಯ ಹಿರಿಯರ ಮಾತನ್ನೂ ಕೇಳಿಯೇ ಹೊರಡಬೇಕು.

ಹೋಟೆಲಿನ ವಿಷಯದಲ್ಲಿ ನಮಗೆ ಪೆಟ್ಟು ಬಿತ್ತು. ಒಬ್ಬ ಏಜೆಂಟ್ ಮೂಲಕ ಗುಲ್ಮಾರ್ಗ್‌ನಲ್ಲೇ ಎರಡು ಕೋಣೆ ಹೇಳಿ ಅರ್ಧ ದುಡ್ಡು ಕಳಿಸಿದ್ದೆವು. ಡಿಸೆಂಬರ್ ಮೊದಲ ವಾರದಲ್ಲಿ ಯಾಕೋ ಮನಸ್ಸಿಗೆ ಬಂದು ಇವರು ನೇರವಾಗಿ ಹೋಟೆಲಿಗೆ ಫೋನ್ ಮಾಡಿದರು. ನಮ್ಮ ಹೆಸರಿನಲ್ಲಿ ಅಲ್ಲಿ ಯಾವ ಕೋಣೆಯೂ ಇರಲಿಲ್ಲ. ಏಜೆಂಟ್ ಇವತ್ತು ನಾಳೆ ಎಂದ, ಕೊನೆಗೆ ದುಡ್ಡಿನ ಒಂದು ಭಾಗ ಹಿಂದೆ ಕಳಿಸಿದ. ಉಳಿದದ್ದು ಬರಲಿಲ್ಲ. ಅಷ್ಟು ಹೊತ್ತಿಗೆ ಗುಲ್ಮಾರ್ಗ್‌ನಲ್ಲಿ ಉಳಿದಿದ್ದ ಕೋಣೆಗಳ ದರ ಕೇಳಿ ನಾನು ಫೋನ್ ಇಟ್ಟೆ.

ಆಗ ಹೊಳೆದದ್ದು ಟಂಗ್‌ಮಾರ್ಗ್. ಗುಲ್ಮಾರ್ಗ್‌ನಿಂದ 13 ಕಿಲೋಮೀಟರ್ ಕೆಳಗಿನ ಪೇಟೆ. ಕೋಣೆ ಅರ್ಧ ದರಕ್ಕೆ ಸಿಕ್ಕಿತು. ರಾತ್ರಿ ಮಲಗುವುದು ತಗ್ಗಿನಲ್ಲಿ ಆದ್ದರಿಂದ ಎತ್ತರದ ತಲೆನೋವೂ ಕಡಿಮೆ. ಬೆಳಿಗ್ಗೆ ಬೇಗ ಎದ್ದು ಮೇಲೆ ಹೋಗಬೇಕು, ಅಷ್ಟೇ. ಹಿಮ ಜಾಸ್ತಿ ಇದ್ದರೆ ಟಯರಿಗೆ ಸರಪಳಿ ಕಟ್ಟಿದ ಅಥವಾ ನಾಲ್ಕೂ ಚಕ್ರ ಎಳೆಯುವ ಜೀಪುಗಳನ್ನು ಮಾತ್ರ ಮೇಲೆ ಬಿಡುತ್ತಾರೆ. ಅದನ್ನೂ ಹೋಟೆಲಿನವರ ಹತ್ತಿರ ಮೊದಲೇ ಮಾತಾಡಿದೆವು. ಈಗ ಯಾರು ಕೇಳಿದರೂ ನಾನು ಹೇಳುವುದು ಇದನ್ನೇ. ಯಾರ ಮೂಲಕ ಕೋಣೆ ಮಾಡಿದರೂ ಹೋಟೆಲಿಗೆ ನೀವೇ ಒಂದು ಫೋನ್ ಮಾಡಿ. ಅದೂ ದುಡ್ಡು ಕಳಿಸಿದ ಮರುದಿವಸವೇ.

ಕೋಣೆ ಬಿಸಿ ಮಾಡುವುದು ಹೇಗೆ ಎಂದೂ ಆ ಫೋನಿನಲ್ಲೇ ಕೇಳಬೇಕು. ಬುಖಾರಿ ಎನ್ನುವ ಕಟ್ಟಿಗೆಯ ಒಲೆಯೋ, ಗ್ಯಾಸಿನದೋ, ವಿದ್ಯುತ್ತಿನದೋ. ಉರಿಯುವ ಯಾವುದೇ ಒಲೆ ಇರುವ ಕೋಣೆಯಲ್ಲಿ ಎಲ್ಲ ಮುಚ್ಚಿ ಮಲಗಬಾರದು. ವಾಸನೆಯೇ ಇಲ್ಲದ ವಿಷಗಾಳಿ ತುಂಬಿ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ನಾವು ಮಲಗುವ ಮೊದಲು ಆರಿಸುತ್ತಿದ್ದೆವು. ಅಂಗಳದಲ್ಲಿ ಅಡಿಕೆ ಒಣಗಿಸುವ ಬಿಸಿಲಿನಲ್ಲಿ ಬೆಳೆದ ನಮಗೆ ಇಂಥದ್ದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಫೋನಿನ ವಿಷಯವೂ ಹಾಗೆಯೇ. ಹೊರಗಿನ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಆದರೆ ಮಾತ್ರ. ನಮ್ಮಲ್ಲಿ ಪೋಸ್ಟ್‌ಪೇಯ್ಡ್ ಇದ್ದದ್ದು ಭಾವನದು ಒಂದೇ. ಅತ್ತೆಗೆ ಆ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿಗೆ ಅಂಟಿಸಿದೆ. ವಿಮೆಯನ್ನು ಅಕ್ಕ ಓದಿದಳು. ನಾವು ನೋಡಿದ ಮೊದಲ ಪಾಲಿಸಿಯಲ್ಲಿ ಸ್ಕೀ ಆಡುವಾಗ ಆದ ಪೆಟ್ಟಿಗೆ ದುಡ್ಡಿಲ್ಲ ಎಂದು ಸಣ್ಣ ಅಕ್ಷರದಲ್ಲಿತ್ತು. ಅದು ಸೇರಿದ್ದನ್ನು ಬೇರೆ ತೆಗೆದೆವು. ಗೊಂಡೋಲಾ ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ. ಹಬ್ಬದ ವಾರದಲ್ಲಿ ಬೇಗ ಮುಗಿಯುತ್ತದೆ. ಹೋಗುವವರ ಗುರುತಿನ ಚೀಟಿ ಎದುರಿಗಿಟ್ಟುಕೊಂಡೇ ಕೂರಬೇಕು. ಕೊಂಗ್ಡೂರಿನವರೆಗಿನ ಮೊದಲ ಹಂತ ಮಾತ್ರ ತೆಗೆದೆವು. ಮೇಲಿನ ಅಪರ್ವಟ್ ಸುಮಾರು 4,000 ಮೀಟರ್ ಎತ್ತರ. ಕಲಿಯುವ ಮಕ್ಕಳಿಗೆ ಅಲ್ಲಿ ಕೆಲಸವಿಲ್ಲ.

ಬಟ್ಟೆಯ ಬಗ್ಗೆ ನಾನು ಬಹಳ ತಲೆ ಕೆಡಿಸಿಕೊಂಡೆ. ನಮ್ಮ ಊರಿನಲ್ಲಿ ಡಿಸೆಂಬರಿನ ಬೆಳಗಿನ ಚಳಿ ಎಂದರೆ ಒಂದು ಶಾಲು ಸಾಕು. ನನ್ನ ಮಗ ಹುಟ್ಟಿದ ಮೇಲೆ ಸ್ವೆಟರ್ ಹಾಕಿದ್ದೇ ಇಲ್ಲ. ಮೈಗೆ ತಾಗುವ ಥರ್ಮಲ್, ಮೇಲೆ ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ನೀರು ಇಳಿಯದ ಜಾಕೆಟ್ ಎಂದು ಮೂರು ಪದರ. ಹತ್ತಿ ಬನಿಯನ್ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾದರೆ ಮೈ ತಣ್ಣಗಾಗುತ್ತದೆ. ಥರ್ಮಲ್, ಕಾಲುಚೀಲ, ತಲೆಗೆ ಟೊಪ್ಪಿ, ಮಕ್ಕಳಿಗೆ ತಲಾ ಎರಡು ಜೊತೆ ಗ್ಲೌಸ್ ಮಂಗಳೂರಿನಲ್ಲಿ ತೆಗೆದೆವು. ಜಾಕೆಟ್ ಬೆಂಗಳೂರಿನ ನೆಂಟರ ಮಕ್ಕಳದ್ದು. ಸ್ಕೀ, ಬೂಟು, ಹೆಲ್ಮೆಟ್, ಪ್ಯಾಂಟ್ ಅಲ್ಲೇ ಬಾಡಿಗೆಗೆ. ಎಲ್ಲರಿಗೂ ಒಳ್ಳೆಯ ಕಪ್ಪು ಕನ್ನಡಕ ತೆಗೆದದ್ದು ಸರಿಯಾಯಿತು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳನ್ನು ನೂರಕ್ಕೆ 80ರವರೆಗೂ ಕಣ್ಣಿಗೇ ಹಿಂದೆ ಎಸೆಯುತ್ತದೆ.

ಕಾಲಿಗೆ ಬಲ ಬರಲಿ ಎಂದು ನವೆಂಬರಿನಿಂದ ಸಂಜೆ ಹೊತ್ತು ಎಲ್ಲರೂ ಗುಡ್ಡ ಹತ್ತುತ್ತಿದ್ದೆವು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರುವ ಅಭ್ಯಾಸವನ್ನೂ ಮಾಡಿದೆವು. ಮಕ್ಕಳು ಅಡಿಕೆ ಹಾಳೆ ಹೊತ್ತುಕೊಂಡು ಬರುತ್ತಿದ್ದರು. ಮುಳಿಹುಲ್ಲು ಒಣಗಿದ ಇಳಿಜಾರಿನಲ್ಲಿ ಹಾಳೆಯ ಮೇಲೆ ಕೂತು ಜಾರುವುದು ನಾವೂ ಸಣ್ಣದಿರುವಾಗ ಮಾಡಿದ್ದೇ. ಅದು ಸ್ಕೀಗೆ ಒಳ್ಳೆಯ ಅಭ್ಯಾಸ ಎಂದು ನಾವೆಲ್ಲ ನಂಬಿದ್ದೆವು.

ಡಿಸೆಂಬರ್ ತೋಟದಲ್ಲಿ ಕೊಯ್ಲಿನ ಸಮಯ. ಹಟ್ಟಿಯಲ್ಲಿ ಮೂರು ದನ. ಮಾವ "ಒಂದು ವಾರದಲ್ಲಿ ಎಂತದೂ ಆಗುದಿಲ್ಲ, ನಾನು ಉಂಟಲ್ಲ" ಎಂದರು. ಪಕ್ಕದ ಮನೆಯವರು ಹಾಲು ಕರೆಯಲು ಬರುತ್ತೇನೆಂದರು. 21ರಿಂದ 23ರವರೆಗಿನ ಮೂರು ದಿವಸ ಇವರು ತೋಟದ ಕೆಲಸ ಮುಗಿಸಿದರು. ನಾನು ಅರ್ಧವಾರ್ಷಿಕ ಪರೀಕ್ಷೆಯ ಪೇಪರ್ ತಿದ್ದಿ ಮುಗಿಸಿದೆ. ಹೆದ್ದಾರಿಯ ಅಗಲೀಕರಣದ ಕೆಲಸದಿಂದ ರಸ್ತೆ ನಂಬುವ ಹಾಗಿರಲಿಲ್ಲ, ಹಾಗಾಗಿ 23ರ ರಾತ್ರಿಯೇ ಅಕ್ಕನ ಮನೆಗೆ ಹೋಗಿ ಮಲಗಿದೆವು. ಚೀಲದಲ್ಲಿ ಅವಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ, ಶುಂಠಿ, ಒಂದು ಕಿಲೋ ಕುಚ್ಚಿಲಕ್ಕಿ. ಅಕ್ಕಿ ಯಾಕೆ ಎಂದು ಅಕ್ಕ ಕೇಳಿದಳು. ಹುಷಾರಿಲ್ಲದಿದ್ದರೆ ಮಕ್ಕಳು ಗಂಜಿ ಬಿಟ್ಟು ಬೇರೆ ಏನೂ ತಿನ್ನುವುದಿಲ್ಲ.

ನಾವು ಇಳಿಯುವ ಮೂರು ನಾಲ್ಕು ದಿವಸ ಮೊದಲು ಶ್ರೀನಗರದಲ್ಲಿ ರಾತ್ರಿ ಮೈನಸ್ ಎಂಟು ಡಿಗ್ರಿಗಿಂತಲೂ ಕೆಳಗೆ ಹೋಗಿತ್ತು. ನಳ್ಳಿಯ ನೀರು ಪೈಪಿನೊಳಗೇ ಗಟ್ಟಿಯಾಗಿತ್ತು. ಮೊದಲ ರಾತ್ರಿ ಶ್ರೀನಗರದಲ್ಲೇ ಉಳಿದು, 25ರ ಬೆಳಿಗ್ಗೆ ಟಂಗ್‌ಮಾರ್ಗ್‌ನಲ್ಲಿ ಚೀಲ ಇಟ್ಟು ಮೇಲೆ ಹೋದೆವು.

ಹಿಮ ಇತ್ತು. ತೆಳ್ಳಗಿತ್ತು, ಅಲ್ಲಲ್ಲಿ ಹುಲ್ಲು ಕಾಣುತ್ತಿತ್ತು, ಆದರೆ ಕಲಿಯುವ ಮಕ್ಕಳಿಗೆ ಸಾಕು.

ಬೂಟು ಹಾಕುವುದರಲ್ಲೇ ಮೊದಲ ಒಂದು ಗಂಟೆ ಹೋಯಿತು. ಸ್ಕೀ ಬೂಟು ಎಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ, ಮೊಣಕಾಲಿನ ಕೆಳಗಿನವರೆಗೆ ಬರುತ್ತದೆ, ಎದುರಿಗೆ ಬಕಲ್‌ಗಳು. ಹತ್ತು ಹೆಜ್ಜೆ ಇಟ್ಟವನೇ ಮಗ ಕಾಲು ನೋವು ಎಂದು ಅಳಲು ಶುರು ಮಾಡಿದ. ಸ್ಕೀ ಹೇಳಿಕೊಡಲು ಬಂದ ಕಾಶ್ಮೀರಿ ಹುಡುಗ ಏನೂ ಮಾತಾಡದೆ ಹಿಮದ ಮೇಲೆ ಕೂತ. ಮಗನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಕಲ್ ಬಿಚ್ಚಿ ಬೂಟು ಎಳೆದ. ಒಳಗೆ ಎರಡು ಜೊತೆ ಕಾಲುಚೀಲ. ಚಳಿಯಾಗಬಾರದು ಎಂದು ನಾನೇ ಹಾಕಿಸಿದ್ದು. ಅದರ ಮೇಲೆ ಥರ್ಮಲ್ಲಿನ ಅಂಚು ಮಡಚಿ ಉಂಡೆಯಾಗಿ ಕೂತು ಮೂಳೆಗೆ ಒತ್ತುತ್ತಿತ್ತು. ಅವನು ಒಂದು ಜೊತೆ ತೆಗೆದು ನನ್ನ ಕೈಗೆ ಕೊಟ್ಟ. ಥರ್ಮಲ್ಲನ್ನು ಮೊಣಕಾಲಿನ ವರೆಗೆ ಮೇಲೆ ಸರಿಸಿದ. ಉಳಿದ ಒಂದು ಕಾಲುಚೀಲವನ್ನು ಒಂದು ಸುಕ್ಕೂ ಇಲ್ಲದ ಹಾಗೆ ಹಿಮ್ಮಡಿಯಿಂದ ಮೇಲೆ ಉಜ್ಜಿ ಎಳೆದ. ಬೂಟು ಹಾಕಿ, ಹಿಮ್ಮಡಿ ಹಿಂದಕ್ಕೆ ಹೋಗಲಿ ಎಂದು ಎರಡು ಸಲ ನೆಲಕ್ಕೆ ತಟ್ಟಿಸಿದ. ನೇರ ನಿಂತಾಗ ಬೆರಳು ಎದುರಿಗೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಬಿಡಬೇಕು. ಅಷ್ಟಾದರೆ ಬೂಟು ಸರಿ. ಮಗನ ಅಳು ನಿಂತಿತು. ಅದೇ ಹುಡುಗ ಮತ್ತೆ ಏಳೂ ಮಂದಿಯ ಬೂಟನ್ನು ಒಂದೊಂದಾಗಿ ನೋಡಿದ. ನನ್ನದು ಒಂದು ಅಳತೆ ದೊಡ್ಡದಿತ್ತು, ಬದಲಾಯಿಸಿ ತಂದ.

ಮೊದಲು ಒಂದೇ ಸ್ಕೀ ಹಾಕಿ ನಡೆಯುವುದು. ಮತ್ತೆ ಎರಡೂ ಹಾಕಿ ಏಡಿಯ ಹಾಗೆ ಅಡ್ಡಡ್ಡ ಹತ್ತುವುದು. ಬಿದ್ದರೆ ಏಳುವುದು. ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂಭಾಗವನ್ನು ಅಗಲಿಸಿದರೆ ವೇಗ ಕಡಿಮೆಯಾಗುತ್ತದೆ. ಮಕ್ಕಳಿಗೆ ಅದನ್ನು ಪಿಜ್ಜಾ ಎಂದು ಹೇಳಿಕೊಡುತ್ತಾರೆ. ಅಕ್ಕನ ಮಗ ಅರ್ಧ ಗಂಟೆಯಲ್ಲಿ ಹಿಡಿದುಕೊಂಡ. ಕಷ್ಟವಾದದ್ದು ನನ್ನ ಮಗಳಿಗೆ. ಎಲ್ಲರಿಗಿಂತ ಜಾಸ್ತಿ ಆಸೆ ಇದ್ದವಳು ಅವಳೇ, ಎಲ್ಲರಿಗಿಂತ ಜಾಸ್ತಿ ಬಿದ್ದವಳೂ ಅವಳೇ. ಪ್ರತಿ ಸಲವೂ ಹಿಂದಕ್ಕೆ ಬೀಳುತ್ತಿದ್ದಳು. ಹೇಳಿಕೊಡುವವನು ನಾಲ್ಕೈದು ಸಲ ನೋಡಿದ. ಇವಳು ಯಾಕೆ ಹೀಗೆ ಹಿಂದೆ ವಾಲುತ್ತಾಳೆ ಎಂದು ಹಿಂದಿಯಲ್ಲಿ ಕೇಳಿದ.

ಆಗ ನನಗೆ ಅರ್ಥವಾಯಿತು. ಹಾಳೆ! ಹಾಳೆಯ ಮೇಲೆ ಜಾರುವಾಗ ಹಿಂದಕ್ಕೆ ಒರಗಬೇಕು, ಇಲ್ಲದಿದ್ದರೆ ಮೂಗು ನೆಲಕ್ಕೆ. ಎಂಟು ವರ್ಷದಿಂದ ಅವಳ ಮೈ ಅದನ್ನೇ ಕಲಿತಿತ್ತು. ಸ್ಕೀಯಲ್ಲಿ ಹಿಂದೆ ಒರಗಿದರೆ ಮುಂಭಾಗ ಹಗುರಾಗಿ ತಿರುಗಿಸಲು ಬರುವುದಿಲ್ಲ. ಮೊಣಕಾಲಿನ ಕೆಳಗಿನ ಭಾಗವನ್ನು ಬೂಟಿನ ಎದುರಿಗೆ ಒತ್ತಿ ಮುಂದಕ್ಕೆ ಬಾಗಬೇಕು. ನಾನು ಅವಳ ಹತ್ತಿರ ಹೋಗಿ, "ಹಾಳೆಯನ್ನು ಮರೆತುಬಿಡು ಮಗಾ. ಆರತಿಯ ಹರಿವಾಣ ಹಿಡಿದು ಅಂಗಳಕ್ಕೆ ಇಳಿಯುವಾಗ ಹೇಗೆ ಕೈ ಮುಂದೆ ಇಡುತ್ತಿ, ಹಾಗೆ ಹಿಡಿ" ಎಂದೆ. ಅವಳು ಕೋಲುಗಳನ್ನು ನನಗೆ ಕೊಟ್ಟು ಎರಡೂ ಕೈ ಮುಂದೆ ಚಾಚಿದಳು. ಕಣ್ಣು ದೂರಕ್ಕೆ. ಮೆಲ್ಲಗೆ ಜಾರಿದಳು. ಹದಿನೈದು ಇಪ್ಪತ್ತು ಮೀಟರ್ ಇರಬಹುದು. ಕೆಳಗೆ ಪಿಜ್ಜಾ ಮಾಡಿ ನಿಂತು ನಮ್ಮ ಕಡೆ ತಿರುಗಿದಳು. ಕೈ ಇನ್ನೂ ಹರಿವಾಣ ಹಿಡಿದ ಹಾಗೆಯೇ ಇತ್ತು.

ಆ ರಾತ್ರಿ ಮಗನಿಗೆ ಸ್ವಲ್ಪ ತಲೆನೋವು. ಬಿಸಿನೀರು, ಶುಂಠಿ ಕಷಾಯ, ಹೋಟೆಲಿನ ಅಡುಗೆಯವರು ಬೇಯಿಸಿಕೊಟ್ಟ ಕುಚ್ಚಿಲಕ್ಕಿ ಗಂಜಿ. ಬೆಳಿಗ್ಗೆ ಸರಿಯಾದ. 26ಕ್ಕೆ ಗೊಂಡೋಲಾದಲ್ಲಿ ಕೊಂಗ್ಡೂರಿಗೆ ಹೋದೆವು, ಅಲ್ಲಿ ಹಿಮ ಇನ್ನೂ ಚೆನ್ನಾಗಿತ್ತು. ಸಾಲು ಉದ್ದ ಇತ್ತು, ಟಿಕೆಟ್ ಇದ್ದರೂ ಒಂದೂವರೆ ಗಂಟೆ ನಿಂತೆವು. ಮಕ್ಕಳಿಗೆ ಬೆಳಗಿನ ಮೂರು ಗಂಟೆ ಮಾತ್ರ ಕಲಿಕೆ, ಮಧ್ಯಾಹ್ನ ಮೇಲೆ ಸುಮ್ನೆ ಹಿಮದಲ್ಲಿ ಆಟ. ಸುಸ್ತಾದ ಮೇಲೆಯೇ ಪೆಟ್ಟು ಮಾಡಿಕೊಳ್ಳುವುದು ಜಾಸ್ತಿ. ಒಂದೇ ಊರಿನಲ್ಲಿ ಉಳಿದದ್ದರಿಂದ ಇಷ್ಟು ನಿಧಾನವಾಗಿ ಕಲಿಯಲು ಆಯಿತು. ಪಹಲ್ಗಾಮ್, ಸೋನ್‌ಮಾರ್ಗ್ ಎಲ್ಲ ಸೇರಿಸಿದ್ದರೆ ಮಗಳು ಹಿಂದಕ್ಕೆ ಬೀಳುವುದರಲ್ಲೇ ರಜೆ ಮುಗಿಯುತ್ತಿತ್ತು.

27ರ ಬೆಳಿಗ್ಗೆ ಆಕಾಶ ಬೂದಿ ಬಣ್ಣ. ಜೀಪಿನ ಡ್ರೈವರ್ ಸಂಜೆಗೆ ಹಿಮ ಬರುತ್ತದೆ, ಹನ್ನೆರಡಕ್ಕೆ ಹೊರಡೋಣ ಎಂದ. ಮಕ್ಕಳು ಇನ್ನೊಂದು ಸಲ, ಇನ್ನೊಂದೇ ಸಲ ಎಂದರು. ನಾನು ಒಪ್ಪಲಿಲ್ಲ. ಹೊತ್ತಿಗೆ ಸರಿಯಾಗಿ ಶ್ರೀನಗರ ಸೇರಿದೆವು. ಕತ್ತಲಾಗುವಾಗ ಕಿಟಕಿಯ ಹೊರಗೆ ನೋಡಿದರೆ ದೀಪದ ಬೆಳಕಿನಲ್ಲಿ ಹತ್ತಿ ಹಾರಿದ ಹಾಗೆ. ರಾತ್ರಿಯಿಡೀ ಬಿತ್ತು. ಬೆಳಿಗ್ಗೆ ಎದ್ದಾಗ ಮನೆಗಳ ಮಾಡು, ಮರ, ನಿಂತ ಕಾರು ಎಲ್ಲ ಒಂದೇ ಬಣ್ಣ. ಕರೆಂಟ್ ಇಲ್ಲ. ಹೆದ್ದಾರಿ ಮುಚ್ಚಿತ್ತು. ಶ್ರೀನಗರದಿಂದ ಆ ದಿವಸ ವಿಮಾನ ಹಾರಲಿಲ್ಲ.

ಅದು 28, ನಾವು ಖಾಲಿ ಇಟ್ಟ ದಿವಸ. ಭಾವ ಫೋನ್ ನೋಡಿದರು, ನನ್ನ ಮುಖ ನೋಡಿದರು, "ನೀನು ಹೇಳಿದ್ದು ಒಳ್ಳೇದಾಯ್ತು" ಎಂದರು. ಕೆಳಗಿನ ಹಾಲಿನಲ್ಲಿ ವಿಮಾನ ತಪ್ಪಿದ ಎರಡು ಮೂರು ಸಂಸಾರಗಳು ಚೀಲದೊಡನೆ ಕೂತಿದ್ದವು. ಒಂದು ಮಗು ಹಸಿವಿಗೆ ಅಳುತ್ತಿತ್ತು. ಅಕ್ಕ ಅವಲಕ್ಕಿಗೆ ಸಕ್ಕರೆ ಬಿಸಿಹಾಲು ಹಾಕಿ ಕೊಟ್ಟಳು. ನಮ್ಮ ಮಕ್ಕಳು ಹೋಟೆಲಿನ ಅಂಗಳದಲ್ಲಿ ಮೊಣಕಾಲುದ್ದ ಹಿಮದಲ್ಲಿ ಮಧ್ಯಾಹ್ನದವರೆಗೆ ಬಿದ್ದು ಹೊರಳಿದರು. ಗ್ಲೌಸ್ ಎರಡೂ ಜೊತೆ ಒದ್ದೆ.

29ಕ್ಕೆ ವಿಮಾನ ಮತ್ತೆ ಶುರುವಾಯಿತು. ಶ್ರೀನಗರದ ವಿಮಾನ ನಿಲ್ದಾಣದಲ್ಲಿ ಕಟ್ಟಡಕ್ಕೆ ಹೋಗುವ ಮೊದಲೇ ಗೇಟಿನಲ್ಲಿ ವಾಹನದಿಂದ ಎಲ್ಲ ಚೀಲ ಇಳಿಸಿ ತಪಾಸಣೆ ಮಾಡುತ್ತಾರೆ. ಹಿಂದಿನ ದಿವಸದ ಜನವೂ ಸೇರಿ ಅಲ್ಲಿ ಜಾತ್ರೆಯ ಹಾಗಿತ್ತು. ನಾಲ್ಕು ಗಂಟೆ ಮೊದಲು ಹೋದದ್ದಕ್ಕೆ ಸರಿಹೋಯಿತು. ವಿಮಾನ ಎರಡೂವರೆ ಗಂಟೆ ತಡ. ದೆಹಲಿಯಲ್ಲಿ ನಾಲ್ಕು ಗಂಟೆ ಬಿಡುವು ಇಟ್ಟದ್ದರಿಂದ ಮಂಗಳೂರಿನ ವಿಮಾನ ಸಿಕ್ಕಿತು. ಬದಿಯಡ್ಕಕ್ಕೆ ಬರುವಾಗ ನಡುರಾತ್ರಿ ಕಳೆದಿತ್ತು. ಅತ್ತೆ ಜಗಲಿಯಲ್ಲಿ ದೀಪ ಹಾಕಿ ಕೂತಿದ್ದರು.

ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಚೀಲ ಬಿಚ್ಚಿದೆ. ಗ್ಲೌಸ್, ಕಾಲುಚೀಲ, ಟೊಪ್ಪಿ ಎಲ್ಲ ಇನ್ನೂ ತಣ್ಣಗೆ, ಒದ್ದೆ ವಾಸನೆ. ಅಂಗಳಕ್ಕೆ ತಂದು, ಮಾವ ಹರಡಿದ್ದ ಅಡಿಕೆಯ ಅಂಚಿನಲ್ಲಿ ಸಾಲಾಗಿ ಇಟ್ಟೆ. ಸಂಜೆ ಬಂದು ನೋಡುವಾಗ ಮಾವ ಅಡಿಕೆಯ ಜೊತೆಗೆ ಅವನ್ನೂ ಒಂದೊಂದಾಗಿ ಮಗುಚಿ ಹಾಕಿದ್ದರು.